ಹೊತ್ತು ಮುಳುಗುವುದರೊಳಗೆ ಎರಡು ತಟ್ಟೆ

ನವೆಂಬರ್ 24, ಸೋಮವಾರ. ಸಂಜೆ

ಊಟ ಆಯಿತು. ಒಬ್ಬಳೇ. ಒಲೆ ಪಕ್ಕ ನಿಂತುಕೊಂಡೇ. ಅನ್ನ, ಸಾರು, ಹಾಗಲಕಾಯಿ ಪಲ್ಯ. ಇದೇ ಪಲ್ಯ ಇವರ ಸಂಜೆ ಡಬ್ಬಿಗೂ ಹೋಗಿದೆ. ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಮೂಟೆಗಳ ನಡುವೆ ಕೂತು ಇಷ್ಟು ಹೊತ್ತಿಗೆ ಉಂಡಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಜೈನರ ಬಾಯಿಗೆ ಬೀಗ. ಇವರ ಬಸ್ಸು ಬಸ್ತಿಹಳ್ಳಿ ಮುಟ್ಟುವಾಗ ಪೂರಾ ಕತ್ತಲೆ. ಅತ್ತೆಗೆ ಒಪ್ಪೊತ್ತು, ಮಧ್ಯಾಹ್ನ ಉಂಡರೆ ಮುಗಿಯಿತು.

ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಬೇಲೂರು. ಲ್ಯಾಬಿನ ಬಾಗಿಲಲ್ಲಿ ಖಾಲಿ ಹೊಟ್ಟೆಯ ಜನ ತೋಳು ಮಡಿಸಿಕೊಂಡು ಕಾಯುತ್ತಿರುತ್ತಾರೆ, ರಕ್ತ ಕೊಡಲು. ಭಾನುವಾರ ಇವರು ಗಂಡಸಿ ಕಡೆ ತೋಟ ನೋಡಲು ಹೋಗುತ್ತಾರೆ. ಮದುವೆಯಾಗಿ ನಾಲ್ಕು ತಿಂಗಳು. ಒಟ್ಟಿಗೆ ಕೂತು ಸಂಜೆಯ ಊಟ — ಒಂದು ದಿನವೂ ಇಲ್ಲ. ನಲವತ್ತೆರಡಕ್ಕೆ ಮದುವೆಯಾದರೆ ಹೀಗೇ ಇರುತ್ತದೇನೋ. ಇವರಿಗೆ ಎರಡನೆಯದು, ಅಭ್ಯಾಸ ಇದೆ. ನನಗೆ ಇಲ್ಲ.

ಪುಷ್ಪಲತಾ ಫೋನು. ಬೇಲೂರಿನ ನನ್ನ ಹಳೇ ರೂಮಿನ ಓನರ್. "ಬಿಡ್ತೀರೋ ಇಟ್ಕೊಳ್ತೀರೋ ಹೇಳಿ ದರ್ಶಿನಿ. ಸೌಂದರ್ಯ ಅಂತ ನರ್ಸ್ ಹುಡುಗಿ ಕೇಳ್ತಾವ್ಳೆ." ಸಾಮಾನಿದೆ, ಟೈಮ್ ಕೊಡಿ ಅಂದೆ. ಸಾಮಾನು ಏನಿದೆ? ಒಂದು ಮಂಚ, ಒಂದು ಗ್ಯಾಸ್ ಒಲೆ. ಬೀಗದ ಕೈ ಪರ್ಸಿನಲ್ಲಿದ್ದರೆ ಧೈರ್ಯ. ಅಷ್ಟೇ.

ನವೆಂಬರ್ 30, ಭಾನುವಾರ

ಪ್ಯಾಕಿಂಗ್. ಮೈದುನ ಜಯಕುಮಾರ ಅಂಡಮಾನಿಗೆ ಟಿಕೆಟ್ ಮಾಡಿಸಿಬಿಟ್ಟಿದ್ದಾನೆ. ಮದುವೆಯ ಉಡುಗೊರೆಯಂತೆ, ಈಗ ನೆನಪಾಗಿದೆ. "ಮಂಡಿ ನಾನ್ ನೋಡ್ಕೋತೀನಿ, ಹೋಗ್ಬನ್ನಿ ಅತ್ತಿಗೆ. ಅಣ್ಣ ಸಮುದ್ರ ನೋಡಿಲ್ಲ."

ಅತ್ತೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಕಟ್ಟಿದರು. ಅವರ ಮಗ ಅದರ ಮೇಲೆ ನಾಲ್ಕು ಉಂಡೆ ಕೊಬ್ಬರಿ ಇಟ್ಟರು. ಅಂಡಮಾನಿನ ತುಂಬಾ ತೆಂಗಿನಮರ ಅಂದೆ. "ಇರ್ಬೋದು. ನಮ್ ಕೊಬ್ರಿ ಇರಲ್ವಲ್ಲ."

ನಗು ಬಂತು. ನಗಲಿಲ್ಲ. ಪುಷ್ಪಲತಾಗೆ ಬಂದ ಮೇಲೆ ಹೇಳುತ್ತೇನೆ ಎಂದು ಮೆಸೇಜ್ ಹಾಕಿದೆ. ರೂಮು ಕೇಳುತ್ತಿದ್ದಾರೆ ಎಂದು ಇವರಿಗೂ ಹೇಳಿದ್ದೆ, ಹೂಂ ಅಂದಿದ್ದರು. ಈ ಟ್ರಿಪ್ಪಿನಲ್ಲಿ ಗೊತ್ತಾಗಲೇಬೇಕು — ಇದು ಸಂಸಾರವೋ, ಒಂದೇ ಮನೆಯಲ್ಲಿ ಇಬ್ಬರ ಬಿಡಾರವೋ.

ಡಿಸೆಂಬರ್ 2, ಮಂಗಳವಾರ. ಪೋರ್ಟ್ ಬ್ಲೇರ್

ಹೊಟ್ಟೆ ಚುರುಗುಟ್ಟುತ್ತಿದೆ. ಸಿಟ್ಟು ಬೇರೆ.

ವಿಮಾನ, ಹೋಟೆಲು, ಮಧ್ಯಾಹ್ನ ಸೆಲ್ಯುಲಾರ್ ಜೈಲು. ಇವರು ಒಂದೊಂದು ಕೋಣೆಯೊಳಗೂ ಹೋಗಿ ನಿಂತು ನೋಡಿದರು. ಹೊರಗೆ ಬಂದು ವಾಚು ನೋಡಿದರು, "ಇನ್ನೂ ಟೈಮೈತೆ, ಆರರೊಳ್ಗೆ ಉಂಡ್ರಾಯ್ತು" ಅಂದರು. ನಾನೂ ಹೂಂ ಅಂದೆ. ನಿಧಾನಕ್ಕೆ ಆಟೋ ಹಿಡಿದು, ಕೈಕಾಲು ತೊಳೆದು, ಹೋಟೆಲಿನ ಕೆಳಗೆ ಇಳಿದರೆ — ಕತ್ತಲೆ! ಐದೂ ಕಾಲಿಗೆ! ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಯಾವನೋ ಬೇರೆಯವನು. ಲ್ಯಾಬಿನಲ್ಲಿ ನಿಮಿಷ ನೋಡಿ ಕೆಲಸ ಮಾಡುವ ನನಗೂ ಇದು ಹೊಳೆಯಲಿಲ್ಲ.

ಬಿಸಿ ಅನ್ನ ಮುಂದೆ ಬಂದಿತ್ತು. ಹಬೆ ಆಡುತ್ತಿತ್ತು.

"ನೀವು ಊಟ ಮಾಡಿ. ನಾನ್ಯಾರಿಗೂ ಹೇಳಲ್ಲ" ಅಂದರು.

"ನೀವು?"

"ನಂಗೆ ಆಗಲ್ಲ."

"ಹಂಗಾದ್ರೆ ನನಗೂ ಆಗಲ್ಲ."

ತಟ್ಟೆ ಹಿಂದಕ್ಕೆ ತಳ್ಳಿದೆವು. ಬಡಿಸಿದವನು ಅಡುಗೆ ಕೆಟ್ಟಿದೆಯಾ ಎಂದು ಗಾಬರಿಯಾದ. ಅವನಿಗೆ ಇವರು ಹಿಂದಿಯಲ್ಲಿ ಹೇಳಿದ್ದು ನನಗೇ ಅರ್ಥವಾಗಲಿಲ್ಲ. ಆಕಾಶ ತೋರಿಸಿದರು, ಬಾಯಿ ತೋರಿಸಿದರು, ಕೈಮುಗಿದರು. ಪಾಪ, ಅವನೂ ಕೈಮುಗಿದ.

ಒಟ್ಟಿಗೆ ಕೂತ ಮೊದಲ ಸಂಜೆಯ ಊಟ ಇದು. ಉಣ್ಣದೇ ಎದ್ದದ್ದು.

ಡಿಸೆಂಬರ್ 3, ಬುಧವಾರ. ಹ್ಯಾವ್‌ಲಾಕ್

ಸೂರ್ಯ ಇಲ್ಲಿ ಬೇಗ ಮಲಗಿ ಬೇಗ ಏಳುತ್ತಾನೆ. ಆರು ಗಂಟೆಗೆಲ್ಲ ಇಡ್ಲಿ ಮುಂದೆ ಕೂತಿದ್ದೆವು. ನಾನು ಎಂಟು ತಿಂದೆ. ಇವರು ಲೆಕ್ಕ ಇಡಲಿಲ್ಲ, ಒಳ್ಳೆಯವರು.

ಈ ದ್ವೀಪಕ್ಕೆ ಬರುವ ದೋಣಿಯಲ್ಲಿ ನನಗೆ ವಾಂತಿ. ಎಂಟೂ ವಾಪಸ್. ಇವರು ಕವರ್ ಹಿಡಿದುಕೊಂಡೇ ನಿಂತಿದ್ದರು, ಮುಖ ಸಿಂಡರಿಸಲಿಲ್ಲ. ಇಳಿದ ಮೇಲೆ ಎಳನೀರು ಕೊಡಿಸಿದರು. ಕೈಯಲ್ಲಿ ತೂಗಿ, ಬೆರಳಲ್ಲಿ ಬಡಿದು, ಮೂರನ್ನು ಬೇಡವೆಂದು, ನಾಲ್ಕನೆಯದನ್ನು ಕೆತ್ತಿಸಿದರು. ಮಾರುವವನು ಗೊಣಗಿದ. "ನೀರು ಜಾಸ್ತಿ, ರುಚಿ ಕಮ್ಮಿ. ನಮ್ಮ ಕಡೇದು ಬರಲ್ಲ." ಹೀಗೆಂದು ತಾವು ಎರಡು ಕುಡಿದರು.

ಊಟ ಹುಡುಕುವುದೇ ಒಂದು ಕೆಲಸ. ಎಲ್ಲೆಲ್ಲೂ ಮೀನು. ಕೊನೆಗೆ ಬಂಗಾಳಿಯೊಬ್ಬಳ ಸಣ್ಣ ಹೋಟೆಲು ಸಿಕ್ಕಿತು. ಆಲೂಗಡ್ಡೆ ಬೇಡ, ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ ಎನ್ನುತ್ತ ಹೋದೆ. ಅವಳು ಸೊಂಟಕ್ಕೆ ಕೈ ಇಟ್ಟು, ಮತ್ತೆ ತಿನ್ನುವುದು ಏನನ್ನು ಎನ್ನುವಂತೆ ನೋಡಿದಳು. ಆಮೇಲೆ ಬೇಳೆ, ಸಿಹಿಗುಂಬಳದ ಪಲ್ಯ, ಮೆತ್ತಗಿನ ಬಿಳೀ ಪೂರಿ, ಎಣ್ಣೆಯಲ್ಲಿ ಕರಿದ ಹಾಗಲಕಾಯಿ ಬಂದವು. ಎಷ್ಟು ಚೆನ್ನಾಗಿತ್ತು! ಹಾಗಲಕಾಯಿ ಮಾತ್ರ ಇವರ ತಟ್ಟೆಯ ಅಂಚಿಗೆ ಹೋಗಿ ಕೂತಿತು.

"ಯಾಕ್ರೀ?"

"ನಂಗೆ ಸೇರಲ್ಲ."

"ಮತ್ತೆ ದಿನಾ ಡಬ್ಬಿ ಖಾಲಿಯಾಗಿ ಬರತ್ತೆ?"

ನೀರು ಕುಡಿದರು. ಕಿಟಕಿ ನೋಡಿದರು. "ನಮ್ ಹಮಾಲಿ ತಿಮ್ಮಯ್ಯ ತಿಂತಾನೆ. ಭಾಳ ಚೆನ್ನಾಗೈತೆ ಅಂತಾನೆ."

ನಾಲ್ಕು ತಿಂಗಳು! ಬೆಳಗಿನ ಜಾವ ಎದ್ದು, ಉಪ್ಪು ಹಚ್ಚಿ ಹಿಂಡಿ, ಬೆಲ್ಲ ಹಾಕಿ, ತಿಮ್ಮಯ್ಯನಿಗೆ ಪಲ್ಯ ಮಾಡಿದ್ದೇನೆ! "ಬಾಯಿ ಇರ್ಲಿಲ್ವಾ ಹೇಳೋಕೆ?" ಅಂದೆ, ಜೋರಾಗಿಯೇ. ಬಂಗಾಳಿ ಹೆಂಗಸು ತಿರುಗಿ ನೋಡಿದಳು.

"ನೀವು ಅಷ್ಟ್ ಕಷ್ಟಪಟ್ಟು ಕಟ್ತೀರ… ಹೆಂಗ್ ಹೇಳೋದು?" ಎಂದವರು, ಸ್ವಲ್ಪ ತಡೆದು, "ನೀವ್ಯಾಕೆ ಇಷ್ಟು ಬೇಗ್ ಬೇಗ ಉಣ್ತೀರ?" ಅಂದರು.

ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಒಬ್ಬಳೇ ಉಂಡು ಅಭ್ಯಾಸ ಎಂದೆ. ಇವರು ನನಗೆ ಇನ್ನೊಂದು ಪೂರಿ ಹೇಳಿದರು.

ಡಿಸೆಂಬರ್ 4, ಗುರುವಾರ. ಹ್ಯಾವ್‌ಲಾಕ್

ಬೆಳಿಗ್ಗೆ ತಳಕ್ಕೆ ಗಾಜು ಹಾಕಿದ ದೋಣಿ. ಕೆಳಗೆ ಹವಳ, ಮೀನಿನ ಹಿಂಡು — ನೀಲಿ, ಹಳದಿ, ಪಟ್ಟೆಪಟ್ಟೆ. ಇವರು ಮಂಡಿಯೂರಿ ಗಾಜಿಗೆ ಹಣೆ ತಾಗಿಸಿಕೊಂಡುಬಿಟ್ಟರು. ಎರಡು ದಿನದಿಂದ ಮೀನಂಗಡಿ ಕಂಡರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಮನುಷ್ಯ. "ನೋಡ್ರೀ, ನೋಡ್ರೀ! ಅವುಗಳ ಮನೇಲಿ ಎಷ್ಟ್ ಚೆನ್ನಾಗವೆ!" ಇವರ ದನಿ ಇಷ್ಟು ಮೇಲೇಳುತ್ತದೆಂದು ಗೊತ್ತಿರಲಿಲ್ಲ.

ಸಂಜೆ ರಾಧಾನಗರ ಬೀಚು. ಸೂರ್ಯಾಸ್ತಕ್ಕೆ ಜಾತ್ರೆಯಷ್ಟು ಜನ, ಎಲ್ಲರ ಕೈಯಲ್ಲಿ ಮೊಬೈಲು. ನಾವಿಬ್ಬರು ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ಡಬ್ಬಿ ಬಿಚ್ಚಿದ್ದೆವು. ಬಂಗಾಳಿಯವಳ ಪೂರಿ, ಗುಂಬಳದ ಪಲ್ಯ, ಅತ್ತೆಯ ಚಟ್ನಿಪುಡಿ. ಇವರು ಹತ್ತತ್ತು ಸಲ ಕುತ್ತಿಗೆ ತಿರುಗಿಸಿ ಸೂರ್ಯನನ್ನು ನೋಡುವುದು, "ಇನ್ನೂ ಐತೆ, ಇನ್ನೂ ಐತೆ, ನಿಧಾನ ಉಣ್ಣಿ" ಎನ್ನುವುದು. ಮರಳು ಕರುಂ ಕರುಂ. ಒಂದು ಪೂರಿ ನಾಯಿ ಹೊತ್ತುಕೊಂಡು ಹೋಯಿತು. ನಕ್ಕು ನಕ್ಕು ನೆತ್ತಿಗೆ ಹತ್ತಿತು, ಇವರು ಬೆನ್ನು ತಟ್ಟಿದರು.

ಕೈ ತೊಳೆದು ತಿರುಗಿದರೆ ಸೂರ್ಯ ಇನ್ನೂ ಒಂದು ಬೆರಳಿನಷ್ಟಿದ್ದ. ಪೂರ್ತಿ ಮುಳುಗುವವರೆಗೂ ನೋಡಿದೆವು. ಎಷ್ಟೋ ವರ್ಷಗಳಿಂದ ಈ ಹೊತ್ತಿನಲ್ಲಿ ನಾನು ನೋಡಿದ್ದು ಪಾತ್ರೆ ತೊಳೆಯುವ ನಲ್ಲಿಯನ್ನೇ. ಸಂತೋಷವಾಯಿತು. ಬಹಳ.

ಆಗ ಇವರು ಅಂದರು: "ಬೇಲೂರಿನ ರೂಮು ಬಿಡ್ಬೇಡಿ. ಇರ್ಲಿ."

ಡಿಸೆಂಬರ್ 6, ಶನಿವಾರ. ನೀಲ್ ದ್ವೀಪ

ನಿನ್ನೆ ಬರೆಯಲಿಲ್ಲ. ಮನಸ್ಸಿರಲಿಲ್ಲ. ದಿನವಿಡೀ ಇವರ ಜೊತೆ ಹೂಂ, ಉಹೂಂ ಬಿಟ್ಟು ಮಾತಿಲ್ಲ. ರೂಮು ಬಿಡಬೇಡ ಎಂದರೆ ಏನರ್ಥ? ಬೇಕಾದರೆ ಹೋಗು ಎಂದಲ್ಲವೇ? ಬಾಯಿಬಿಟ್ಟು ಹೋಗಬೇಡ ಎನ್ನುವುದಕ್ಕೆ ಏನು ಕಷ್ಟ?

ಇವತ್ತು ಕಲ್ಲಿನ ಸೇತುವೆ ನೋಡಲು ಹೋದೆವು. ಸಮುದ್ರ ಕೊರೆದೇ ಮಾಡಿದ ಕಮಾನು. ಪಾಚಿಗಲ್ಲು, ಕಾಲು ಜಾರುತ್ತಿತ್ತು. ಇವರು ಕೈ ಚಾಚಿದರು. ಹಿಡಿಯದೆ ಕೇಳಿಯೇಬಿಟ್ಟೆ.

"ನಾನು ಬೇಲೂರಲ್ಲಿದ್ರೆ ನಿಮಗೆ ಸಮಾಧಾನಾನಾ?"

"ಯಾರಂದ್ರು?"

"ನೀವೇ. ರೂಮು ಇರ್ಲಿ ಅಂದ್ರಿ."

ಕೈ ಚಾಚಿಕೊಂಡೇ ನಿಂತಿದ್ದರು. "ನೀವು ಒಲೆ ಪಕ್ಕ ನಿಂತ್ಕಂಡು ಒಬ್ರೇ ಉಣ್ತೀರ ಅಂತ ಅಮ್ಮ ಹೇಳವ್ರೆ. ನನ್ ಕಟ್ಕಂಡು ನಿಮಗೇನ್ ಸುಖ ಸಿಕ್ತು? ಬೇಜಾರಾದಾಗ ಹೋಗಾಕೆ ಒಂದು ಜಾಗ ಇರ್ಲಿ ಅಂದೆ. ಹೋಗ್ಲಿ ಅಂತಲ್ಲ."

"ನನಗೆ ಜಾಗ ಬೇಡ. ಹೊತ್ತು ಮುಳುಗೋದ್ರೊಳಗೆ ನೀವು ಮನೇಗೆ ಬರ್ತೀರಾ, ಅದು ಹೇಳಿ."

ಇನ್ನೊಂದು ಕೈಯ ಬೆರಳು ಮಡಚಿ ಲೆಕ್ಕ ಹಾಕಿದರು. ಮಂಡಿಯಲ್ಲಿ ಹರಾಜು, ತೂಕ, ಲಾರಿ — ಎಲ್ಲ ಸಂಜೆಗೇ. ಗೊತ್ತು. ಗೊತ್ತಿದ್ದೇ ಕೇಳಿದೆ.

"ನೋಡ್ತೀನಿ" ಅಂದರು.

ಬೇಡದ ಮಾಲು ತಂದವರಿಗೆ ವ್ಯಾಪಾರದವರು ಹೇಳುವ ಮಾತು ಅದು. ಆದರೂ ಕೈ ಹಿಡಿದುಕೊಂಡೇ ಕಲ್ಲು ದಾಟಿದೆ. ಬೀಳಬಾರದಲ್ಲ.

ಡಿಸೆಂಬರ್ 9, ಮಂಗಳವಾರ. ಬಸ್ತಿಹಳ್ಳಿ

ನಿನ್ನೆ ಊರು ಸೇರಿದೆವು. ನಾಲ್ಕು ಉಂಡೆ ಕೊಬ್ಬರಿಯಲ್ಲಿ ಎರಡು ಬಂಗಾಳಿಯವಳಿಗೆ ಹೋಗಿದ್ದವು, ಎರಡು ವಾಪಸ್ ಬಂದವು.

ಇವತ್ತು ಮತ್ತದೇ. ಎರಡು ಡಬ್ಬಿ ಕಟ್ಟಿದೆ, ಮಧ್ಯಾಹ್ನದ್ದು, ಸಂಜೆಯದು. ಎರಡನ್ನೂ ಸುಮ್ಮನೆ ತೆಗೆದುಕೊಂಡು ಹೋದರು. ಹರಾಜಿನ ದಿನ. ಕತ್ತಲಾದ ಮೇಲೆಯೇ ಬಂದರು. ನಾನು ಉಂಡಾಗಿತ್ತು. ಒಂದೇ ವ್ಯತ್ಯಾಸ, ಇವತ್ತು ಕೂತು ಉಂಡೆ.

ಅತ್ತೆಗೆ ಎಲ್ಲ ಹೇಳಿದೆ. ಹೇಳಬಾರದಿತ್ತೇನೋ, ತಡೆಯಲಾಗಲಿಲ್ಲ. ಅವರು ಬತ್ತಿ ಹೊಸೆಯುತ್ತಿದ್ದರು. "ಅವ್ನು ನೋಡ್ತೀನಿ ಅಂದ್ರೆ ನೋಡ್ತಾನೆ ಕಣಮ್ಮ. ಒಂಚೂರು ನಿಧಾನ."

ನಿಧಾನಕ್ಕೂ ಒಂದು ಮಿತಿ ಬೇಡವೇ? ಪುಷ್ಪಲತಾ ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ದಾರೆ.

ಡಿಸೆಂಬರ್ 12, ಶುಕ್ರವಾರ. ಸಂಜೆ

ಬೆಳಿಗ್ಗೆ ಒಂದೇ ಡಬ್ಬಿ ಕಟ್ಟಿದೆ. ಮಧ್ಯಾಹ್ನದ್ದು. ಬೇಕೆಂದೇ. ಇವರು ಡಬ್ಬಿ ನೋಡಿದರು, ನನ್ನ ನೋಡಿದರು, ಚೀಲಕ್ಕೆ ಹಾಕಿಕೊಂಡು ಹೋದರು. ಕೇಳಲೂ ಇಲ್ಲ.

ಲ್ಯಾಬಿನಲ್ಲಿ ಇಡೀ ದಿನ ಸಂಕಟ. ಇವತ್ತೂ ಹರಾಜು. ಬರಲಾಗದೆ ಹೋದರೆ? ಕತ್ತಲಲ್ಲಿ ಹಸಿದುಕೊಂಡು ಬಂದರೆ ಬೆಳಗಿನವರೆಗೂ ಉಪವಾಸ. ಹೊರಗಿನದು ಮುಟ್ಟುವವರಲ್ಲ. ಎಂಥ ಹೆಂಗಸು ನಾನು? ಹಟಕ್ಕೆ ಬಿದ್ದು ಗಂಡನ ಅನ್ನ ನಿಲ್ಲಿಸಿದೆನಲ್ಲ! ಫೋನು ಮಾಡೋಣವೆನಿಸಿತು. ಮಾಡಲಿಲ್ಲ.

ಅವರೆಕಾಳು ಸಾರು, ಅಕ್ಕಿ ರೊಟ್ಟಿ. ಹಾಗಲಕಾಯಿ ಇಲ್ಲ. ನಡುಮನೆಯಲ್ಲಿ ಎರಡು ತಟ್ಟೆ ಹಾಕಿದ್ದೇನೆ. ಅತ್ತೆ ನೋಡಿಯೂ ನೋಡದ ಹಾಗೆ ಜಪಕ್ಕೆ ಕೂತಿದ್ದಾರೆ.

ಪುಷ್ಪಲತಾ ಫೋನು ಬಂತು. "ಸೌಂದರ್ಯ ಗಂಟುಮೂಟೆ ಕಟ್ಕೊಂಡು ಕೂತವ್ಳೆ. ಇವತ್ತು ಹೇಳ್ಬಿಡಿ." ಕತ್ತಲಾದ ಮೇಲೆ ಹೇಳುತ್ತೇನೆ ಅಂದೆ. ಕತ್ತಲಾದ ಮೇಲೆ ಯಾಕೆ ಎಂದು ಅವರಿಗೆ ತಿಳಿಯಲಿಲ್ಲ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಿಸಿಲು ಬಸದಿಯ ಗೋಡೆ ಬಿಟ್ಟು ತೆಂಗಿನ ಗರಿಗೆ ಏರಿದೆ. ಅರಸೀಕೆರೆಯಿಂದ ಜಾವಗಲ್ ಮೇಲೆ ಬರುವ ಬಸ್ಸು ಬಂದು ಹೋಯಿತು. ಇಳಿದವರು ಯಾರೋ ಟೂರಿಸ್ಟುಗಳು. ಮುಂದಿನ ಬಸ್ಸು ಕತ್ತಲಿಗೇ.

ರೂಮು ಇಟ್ಟುಕೊಳ್ಳುವುದೇ ಸರಿಯೇನೋ… ರೊಟ್ಟಿ ಆರುತ್ತಿದೆ…

ಯಾವುದೋ ಸ್ಕೂಟರ್. ತಿರುವಿನಲ್ಲಿ ಹಾರ್ನ್ ಹೊಡೆಯುತ್ತಲೇ ಬರುತ್ತಿದೆ. ಜಯಕುಮಾರನದು. ಅವನೇಕೆ ಈ ಹೊತ್ತಿನಲ್ಲಿ — ಅಲ್ಲ. ಅವನಲ್ಲ. ಇವರು! ಹೆಲ್ಮೆಟ್ಟು ಓರೆಯಾಗಿದೆ, ಮೈಯೆಲ್ಲ ಧೂಳು, ಮುಂದೆ ಖಾಲಿ ಡಬ್ಬಿ ನೇತಾಡುತ್ತಿದೆ. ಗೇಟಿನಿಂದಲೇ ಕೂಗುತ್ತಿದ್ದಾರೆ: "ಇನ್ನೂ ಐತೆ ಕಣ್ರೀ ಹೊತ್ತು! ಬಡ್ಸಿ, ಬಡ್ಸಿ! ತೂಕ ಜಯಕುಮಾರಂಗೆ ಬಿಟ್ ಬಂದೆ, ಇನ್ಮೇಲೆ ದಿನಾ ಅವ್ನೇ!"

ಅಳು ಬರುತ್ತಿದೆ, ನಗುವೂ. ಪುಷ್ಪಲತಾಗೆ ಊಟ ಆದ ಮೇಲೆ ಹೇಳುತ್ತೇನೆ, ರೂಮು ಸೌಂದರ್ಯಳಿಗೇ ಕೊಡಿ ಅಂತ. ಈಗ ಬರೆಯುತ್ತ ಕೂತರೆ ಹೊತ್ತು