ಕೈ ಸೋತವಳನ್ನು ಯಾವ ಬಾಗಿಲಿಗೆ ಒಯ್ಯಬೇಕಿತ್ತು?

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಶಂಕರಪುರದ ಬಸ್ಸು ನಿಲ್ಲುವಲ್ಲಿ ನಿಮ್ಮ ಕಚೇರಿಯವರು ಒಂದು ಪೋಸ್ಟರ್ ಅಂಟಿಸಿ ಹೋಗಿದ್ದಾರೆ. ‘ಸಣ್ಣಪುಟ್ಟ ತೊಂದರೆಗೆ ದೊಡ್ಡಾಸ್ಪತ್ರೆಯ ಕ್ಯಾಶುವಲ್ಟಿಗೆ ಧಾವಿಸಬೇಡಿ, ಹತ್ತಿರದ ಕ್ಲಿನಿಕ್ಕಿಗೆ ಹೋಗಿ’ ಎಂದು. ಪಕ್ಕದಲ್ಲಿ ನಗುವ ಡಾಕ್ಟರ ಚಿತ್ರ. ಆ ಮಾತನ್ನು ನಂಬಿ ನನ್ನ ನೆರೆಮನೆಯ ಕುಶಲಾ ತನ್ನ ಬಲಗೈಯನ್ನು ಕಳೆದುಕೊಂಡು ಕೂತಿದ್ದಾಳೆ. ಕೈ ಇದೆ, ಆದರೆ ಕೆಲಸಕ್ಕಿಲ್ಲ. ನಾನು ಕೇಳುವುದಿಷ್ಟೆ: ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಕಾಯಿಲೆ ತನ್ನ ಹಣೆಯ ಮೇಲೆ ಬರೆದುಕೊಂಡು ಬರುತ್ತದೆಯೇ? ಡಾಕ್ಟರು ಸ್ಕ್ಯಾನ್ ಮಾಡಿ ಕಂಡುಹಿಡಿಯಬೇಕಾದದ್ದನ್ನು ನಾವು ಜಗಲಿಯಲ್ಲಿ ಕೂತು ಕಂಡುಹಿಡಿಯಬೇಕೇ?

ನಾನೂ ಕುಶಲಾಳೂ ಮಲ್ಲಿಗೆ ಕಟ್ಟುವವರು. ನಿಮಗೆ ಹೂ ಮುಡಿದವರು ಗೊತ್ತಿರಬಹುದು, ಕಟ್ಟಿದವರ ಬೆರಳು ಗೊತ್ತಿರಲಿಕ್ಕಿಲ್ಲ. ಬಾಳೆನಾರು ಎಳೆದೂ ಎಳೆದೂ ಬೆರಳು ಮರಗಟ್ಟುತ್ತದೆ. ಕೈ ಕೊಡವುತ್ತೇವೆ, ಬಿಸಿನೀರಿನಲ್ಲಿ ಅದ್ದುತ್ತೇವೆ, ಮತ್ತೆ ಕಟ್ಟುತ್ತೇವೆ. ಹೂ ಒಯ್ಯುವವನು ಬರುವ ಮೊದಲು ಕಟ್ಟಿದ ಮಾಲೆ ಸುತ್ತಿದ ಚೆಂಡು ಮುಗಿಯಲೇಬೇಕು, ಅರ್ಧ ಕಟ್ಟಿ ಏಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಆ ಬೆಳಿಗ್ಗೆ ಕುಶಲಾಳ ಗಂಟು ಸಡಿಲಾಗಿ ಮೊಗ್ಗು ಉದುರತೊಡಗಿದಾಗ ಯಾರಿಗೂ ಹೆದರಿಕೆ ಆಗಲಿಲ್ಲ.

“ಎಂತ ಮಾರಾಯ್ತಿ, ಹೂವೆಲ್ಲ ನೆಲಕ್ಕೆ ಬೀಳ್ತಾ ಉಂಟು?” ಎಂದೆ.

“ಕೈ ಜೋಮು ಹಿಡಿದಿದೆ ಬರ್ತಾಬಾಯಿ. ನಿನ್ನೆಯದು ಜಾಸ್ತಿ ಆಯ್ತಲ್ವಾ.”

ಮಾತು ಎಳೆದ ಹಾಗೆ ಕೇಳಿಸಿತು. ಬಾಯಲ್ಲಿ ಎಲೆಯಡಿಕೆ ಇದ್ದದ್ದೂ ಹೌದು. ಆದರೆ ರಸ ಒಂದೇ ಬದಿಯಿಂದ ಇಳಿಯುತ್ತಿತ್ತು. ಮಣಿಪಾಲದ ದೊಡ್ಡಾಸ್ಪತ್ರೆಗೆ ಹೋಗುವ, ಕ್ಯಾಶುವಲ್ಟಿಗೇ ಹೋಗುವ ಎಂದೆ. ಅವಳ ಗಂಡ ಸುಂದರ ಜೋರಾಗಿ ನಕ್ಕ.

“ಬರ್ತಾಬಾಯಿಗೆ ಇರುವೆ ಕಚ್ಚಿದರೂ ಕ್ಯಾಶುವಲ್ಟಿ! ಹಲಸಿನಹಣ್ಣಿನ ಹಾರ್ಟ್ ಅಟ್ಯಾಕ್ ಮರೆತುಹೋಯ್ತಾ?”

ಅವನು ಹೇಳಿದ್ದು ಸುಳ್ಳಲ್ಲ. ಹೋದ ವರ್ಷ ಎದೆ ಉರಿಯುತ್ತದೆಂದು ನಾನು ದೊಡ್ಡಾಸ್ಪತ್ರೆಗೆ ಓಡಿದ್ದೆ. ಹಲಸು ಹೆಚ್ಚಾಗಿತ್ತು, ಗ್ಯಾಸು. “ಇದಕ್ಕೆಲ್ಲ ಇಲ್ಲಿಗೆ ಬರಬಾರದಮ್ಮ” ಎಂದು ಅಲ್ಲಿಯ ಸಣ್ಣ ಪ್ರಾಯದ ಡಾಕ್ಟರಮ್ಮ ಎಲ್ಲರೆದುರು ಹೇಳಿದ್ದರು. ಅಂದಿನಿಂದ ಊರಿಗೆ ನಾನೊಂದು ನಗೆಪಾಟಲು. ಸುಂದರ ನಿಮ್ಮ ಪೋಸ್ಟರನ್ನೂ ಬಾಯಿಪಾಠ ಹೇಳಿದ. ಸರ್ಕಾರವೇ ಬರೆದ ಮೇಲೆ ನನ್ನಂಥವಳ ಮಾತಿಗೆ ಬೆಲೆ ಎಲ್ಲಿ?

ಹೂ ಕಟ್ಟಿ ಮುಗಿಸಿ, ಒಯ್ಯುವವನಿಗೆ ಕೊಟ್ಟು, ಆಮೇಲೆ ರಿಕ್ಷಾದಲ್ಲಿ ಪೇಟೆಯ ಕ್ಲಿನಿಕ್ಕಿಗೆ ಹೋದೆವು. ಕೆಂಪು ಬೋರ್ಡು, ‘ತುರ್ತು ಚಿಕಿತ್ಸೆ, ಹಗಲೂ ರಾತ್ರಿ’. ಒಳಗೆ ಹೋದ ಕೂಡಲೇ ಕುಶಲಾಳನ್ನು ಮಲಗಿಸಿ, ಸುಸ್ತಾಗಿರಬೇಕು ಎಂದು ಡ್ರಿಪ್ ಹಾಕಿದರು. ನಾನು ಕೌಂಟರಿನ ಹುಡುಗಿಯನ್ನು ಕೇಳಿದೆ.

“ಇಲ್ಲಿ ತಲೆಯ ಸ್ಕ್ಯಾನ್ ಉಂಟಾ?”

“ಡಾಕ್ಟರು ಹೇಳಿದರೆ ಹೊರಗೆ ಬರೆದುಕೊಡ್ತಾರೆ ಆಂಟಿ.”

“ಡಾಕ್ಟರು ಎಲ್ಲಿ?”

“ರೌಂಡ್ಸಲ್ಲಿ.”

“ಎರಡು ಕೋಣೆಯ ಕ್ಲಿನಿಕ್ಕಲ್ಲಿ ಎಂತದು ರೌಂಡ್ಸ್? ಎಲ್ಲಿಗೆ ಸುತ್ತುವುದು ಅವರು?”

ಆ ಹುಡುಗಿ ನನ್ನನ್ನು ಜಗಳಗಂಟಿ ಎನ್ನುವ ಹಾಗೆ ನೋಡಿದಳು. ಡಾಕ್ಟರು ಬಂದಾಗ ಮಧ್ಯಾಹ್ನ. ಕುಶಲಾಳ ಮುಖ ನೋಡಿದವರೇ “ತಕ್ಷಣ ಮಣಿಪಾಲಕ್ಕೆ ಕರೆದುಕೊಂಡು ಹೋಗಿ” ಎಂದರು. ಆಗ ಸುಂದರ ನಗಲಿಲ್ಲ. ಅಲೆವೂರು ರಸ್ತೆಯಲ್ಲಿ ರಿಕ್ಷಾ ಹಾರುತ್ತಿದ್ದಾಗ ಹೆಂಡತಿಯ ಆ ಕೈಯನ್ನು ಉಜ್ಜುತ್ತ “ಹಿಡಿ, ನನ್ನ ಬೆರಳು ಹಿಡಿ” ಎನ್ನುತ್ತಿದ್ದ. ಅವಳು ಹಿಡಿಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಮೊದಲ ಪ್ರಶ್ನೆಯೇ “ಯಾವಾಗ ಶುರುವಾಯಿತು?” ಎಂದು. ಬೆಳಿಗ್ಗೆ ಹೂ ಕಟ್ಟುವಾಗ ಎಂದೆ. ಅವರು ಗಡಿಯಾರ ನೋಡಿದರು, ನನಗೆ ಅಷ್ಟರಲ್ಲೇ ತಿಳಿಯಿತು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಸ್ಟ್ರೋಕು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಕೆಲವೇ ಗಂಟೆಗಳ ಅವಕಾಶ, ಅದು ದಾಟಿದೆ ಎಂದರು. “ನೇರ ಇಲ್ಲಿಗೇ ಬರಬೇಕಿತ್ತಮ್ಮ.” ಹೋದ ವರ್ಷ ಬರಬಾರದಿತ್ತು, ಈ ವರ್ಷ ಬರಬೇಕಿತ್ತು! ನಾನು ಏಳನೇ ಕ್ಲಾಸನ್ನು ಎರಡು ಸಲ ಸೇರಿ ಎರಡು ಸಲ ಬಿಟ್ಟವಳು, ನನ್ನ ತಲೆಗೆ ಈ ಪಾಠ ಹತ್ತುವುದಿಲ್ಲ. ನಿಮ್ಮ ತಲೆಗಾದರೂ ಹತ್ತಿದೆಯೇ?

ನನಗೆ ಸಂಶಯ ಹೆಚ್ಚು ಎಂದು ಮನೆಯವರೂ ಹೇಳುತ್ತಾರೆ. ಇರಲಿ. ಆ ಪೋಸ್ಟರಿನಿಂದ ಕ್ಯಾಶುವಲ್ಟಿಗೆ ನೂಕುನುಗ್ಗಲು ಕಡಿಮೆ, ಕ್ಲಿನಿಕ್ಕಿನ ಮಂಚ ಭರ್ತಿ, ನಿಮ್ಮ ವರದಿಯಲ್ಲಿ ಜನಜಾಗೃತಿ ಯಶಸ್ವಿ. ಎಲ್ಲರಿಗೂ ಒಂದೊಂದು ಲಾಭ ಆಗುವ ಹಾಗೆ ಬರೆದ ಮಾತು ರೋಗಿಗೆಂದೇ ಬರೆದದ್ದು ಎಂದು ನಾನು ಹೇಗೆ ನಂಬಲಿ? ಕೆಂಪು ಬೋರ್ಡು ಬರೆಸುವವರನ್ನು ‘ನಿಮ್ಮಲ್ಲಿ ಏನೇನು ಇಲ್ಲ’ ಎಂದು ನಿಮ್ಮವರು ಒಮ್ಮೆಯಾದರೂ ಕೇಳಿದ್ದಾರೆಯೇ? ಕಾಪುವಿನಿಂದ ಕಾರ್ಕಳದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಹೋಗಿದ್ದೇನೆ, ಇರುವುದನ್ನು ಬರೆದ ಬೋರ್ಡುಗಳೇ ಎಲ್ಲ. ಇಲ್ಲದ್ದನ್ನು ಬರೆದದ್ದು ಒಂದೂ ಕಾಣಲಿಲ್ಲ. ಈ ಪತ್ರ ಓದಿ ನೀವು ‘ಪರಿಶೀಲಿಸಲಾಗುವುದು’ ಎನ್ನುವಿರಿ ಎಂಬುದೂ ನನ್ನ ಸಂಶಯ.

ಆದುದರಿಂದ ನನ್ನ ಬೇಡಿಕೆ. ಆ ಪೋಸ್ಟರನ್ನು ಕಿತ್ತು ಹೊಸತು ಅಂಟಿಸಿ: ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎದೆ ಹಿಂಡಿದರೆ ದಾರಿಯಲ್ಲಿ ಎಲ್ಲಿಯೂ ಇಳಿಯದೆ ನೇರ ದೊಡ್ಡಾಸ್ಪತ್ರೆಗೆ. ಜ್ವರ, ಗಾಯ, ವಾಂತಿಗೆ ಕ್ಲಿನಿಕ್ಕು ಸಾಕು ಎಂದೂ ಬರೆಯಿರಿ, ನಾವೇನು ಹಟ ಹಿಡಿಯುವವರಲ್ಲ. ಪ್ರತಿ ಕ್ಲಿನಿಕ್ಕಿನ ಬೋರ್ಡಿನಲ್ಲಿ ಸ್ಕ್ಯಾನ್ ಇಲ್ಲ, ಡಾಕ್ಟರು ಇಂಥ ಹೊತ್ತಿಗೆ ಇಲ್ಲ ಎಂದು ಅದೇ ಕೆಂಪಿನಲ್ಲಿ ಬರೆಸಿ. ಕೈ ಸೋತವರು ಬಂದರೆ ಡ್ರಿಪ್ ಚುಚ್ಚದೆ ಬಾಗಿಲಿನಿಂದಲೇ ಕಳಿಸುವ ಹಾಗೆ ಕಟ್ಟಪ್ಪಣೆ ಮಾಡಿ. ಕೊನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು: ಹೆದರಿ ಬಂದವಳಿಗೆ ಗ್ಯಾಸು ಎಂದು ಗೊತ್ತಾದರೆ ಸಂತೋಷಪಟ್ಟು ಕಳಿಸಲಿ, ಗದರಿಸುವುದು ಬೇಡ. ಒಬ್ಬಳಿಗೆ ಗದರಿಸಿದರೆ ಅದನ್ನು ಕೇಳಿ ಹತ್ತು ಜನ ಮನೆಯಲ್ಲೇ ಕೂರುತ್ತಾರೆ.

ಕುಶಲಾ ದೊಡ್ಡಾಸ್ಪತ್ರೆಗೆ ಹೋಗಿ ಬಂದು ಕೈಗೆ ವ್ಯಾಯಾಮ ಮಾಡಿಸಿಕೊಳ್ಳುತ್ತಿದ್ದಾಳೆ. ಬಲ ಸ್ವಲ್ಪ ಬರಬಹುದು, ಪೂರ್ತಿ ಹೇಳಲಿಕ್ಕಾಗದು ಎಂದಿದ್ದಾರೆ. ಈ ಪತ್ರಕ್ಕೆ ತನ್ನ ಸಹಿಯೂ ಬೇಕೆಂದು ಹಟ ಹಿಡಿದಳು. ಸುಂದರ ಕಾಗದವನ್ನು ಜಾರದ ಹಾಗೆ ಒತ್ತಿ ಹಿಡಿದುಕೊಂಡ.

ಇಂತಿ, ಸುಮ್ಮಸುಮ್ಮನೆ ಹೆದರುವವಳೆಂದು ಹೆಸರಾದ
ಬರ್ತಾ, ಶಂಕರಪುರ

ಮತ್ತು ಕುಶಲಾ
(ಎಡಗೈಯಲ್ಲಿ ಹಾಕಿದ್ದು, ಹಳೆಯ ಸಹಿಗೆ ಹೋಲುವುದಿಲ್ಲ, ಆದರೆ ಅವಳೇ)