ತಪ್ಪಿಸಿದ ಸ್ವಿಚ್ಚು

ತಮ್ಮಾ,

“ಬೆಂಕಿಗೆ ತನ್ನ ಹೊಸ್ತಿಲು ಗೊತ್ತು” ಎಂದೋ ಏನೋ ಒಂದು ಸಾಲು ಓದಿದ್ದೆ. ಗೊತ್ತಿದ್ದರೆ ನಿನ್ನ ಕಾರಿಗೆ ಆ ಸ್ವಿಚ್ಚು ಯಾಕೆ ಬೇಕಿತ್ತು?

ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಇಂಜಿನ್ನಿಗೆ ನೈಟ್ರಸ್, ಅಂದರೆ ವೇಗ ಹೆಚ್ಚಿಸುವ ಗ್ಯಾಸು, ಬಿಡುವ ಸ್ವಿಚ್ಚು ರೇಸಿನಲ್ಲಿ ಕೈಕೊಟ್ಟಿತೆಂದು ನೀನು ಅದನ್ನು ತಪ್ಪಿಸಿ ವೈರನ್ನು ನೇರ ಬ್ಯಾಟರಿಗೆ ಕೊಟ್ಟೆ. ಈಗ ನನ್ನ ಶೆಡ್ಡಿನಲ್ಲಿ, ಇಂಜಿನ್ ಆರಿದ್ದರೂ ಬಾನೆಟ್ ಒಳಗೆ ಗ್ಯಾಸು ಬುಸುಗುಡುತ್ತಿದೆ. ಸ್ಟಾರ್ಟ್ ಮಾಡಿದರೆ ಸಿಡಿಯುತ್ತದೆ ಎಂದರು ಗ್ಯಾರೇಜಿನವರು. ನೀನು ಫೋನ್ ಎತ್ತುತ್ತಿಲ್ಲ. ಕೀ ನನ್ನ ಪುಸ್ತಕದ ಕಪಾಟಿನಲ್ಲಿ ಬೀಗದೊಳಗಿದೆ. ಮೊದಲು ನೈಟ್ರಸ್ ಸಿಲಿಂಡರ್ ಬಂದ್ ಮಾಡು, ನನಗದು ಬರುವುದಿಲ್ಲ; ಆಮೇಲೆ ಕೀ ಕೇಳು.

ನಿನ್ನ ಅಕ್ಕ

ಈ ಚೀಟಿಯನ್ನು ಸ್ಟೇರಿಂಗಿಗೆ ಅಂಟಿಸಬೇಕೆಂದಿದ್ದೆ. ಈಗ ಬಾನೆಟ್ ಮೇಲೆ ಅಂಟಿಸುತ್ತೇನೆ. ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ ಇದನ್ನು ಓದಿ ನಕ್ಕುಬಿಟ್ಟರು: “ಕೀ ಬಚ್ಚಿಟ್ರೆ ಏನು ಬಂತು? ನಿಮ್ಮ ತಮ್ಮ ಬಾನೆಟ್ ಎತ್ತಿ ವೈರಿಗೆ ವೈರು ತಾಗ್ಸಿ ಸ್ಟಾರ್ಟ್ ಮಾಡ್ತಾನೆ. ಒಳಗೆ ಕೂರೋದೇ ಆಮೇಲೆ.”