ಬೀಗರ ಜೀಪು ಗುದ್ದಿದ ಬಾಗಿಲು

ಹೊರ್ತಿ
೧೬-೪-೧೯೯೯

ಮುದ್ದೇಬಿಹಾಳದ ಬೀಗರಾದ ಸಿದ್ದಾರೂಢ ಅವರಿಗೆ ಶ್ರೀಶೈಲಪ್ಪನ ಶರಣು.

ನನ್ನ ಕೈಯಿಂದ ಕಾಗದ ಬರೆಸುತ್ತಿದ್ದೀರಿ, ಇದು ನನಗೆ ಸೇರಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಒಂದು ಹಾಳೆ ತುಂಬಿಸುವುದಕ್ಕಿಂತ ಒಂದು ಎಕರೆ ಹರಗುವುದು ಸುಲಭ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕೂ ಸಲ ಹೊಲಕ್ಕೆ ಹೋಗಿದ್ದಾರೆ ಎಂದರು. ಕೊನೆಯ ಸಲ ಫೋನಿನ ಹತ್ತಿರವೇ ನೀವು ಕೆಮ್ಮಿದ್ದು ಕೇಳಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ತಡವಾಯಿತು, ಬಿಜಾಪುರಕ್ಕೆ ಅಲೆಯುವುದರಲ್ಲೇ ದಿನ ಹೋದವು. ನಾವು ಆರಾಮ ಇದ್ದೇವೆ. ನಿಮ್ಮ ಬೀಗತಿ ಇಂದುಬಾಯಿಗೆ ಮೊಣಕಾಲು ನೋವು. ಮೊಮ್ಮಗಳು ವಿಜಯಲಕ್ಷ್ಮಿಯ ಪರೀಕ್ಷೆ ಮುಗಿದಿರಬೇಕು.

ಈಗ ಕಾರಿನ ಮಾತು. ಫೆಬ್ರುವರಿಯಲ್ಲಿ ಬಸವನ ಬಾಗೇವಾಡಿಯ ನೆಂಟರ ಮದುವೆಯಲ್ಲಿ ನನ್ನ ಅಂಬಾಸಿಡರ್ ಮಂಟಪದ ಗೋಡೆಗೆ ಒತ್ತಿ ನಿಂತಿತ್ತು. ನೀವು ಜೀಪು ಹಿಂದಕ್ಕೆ ತಂದು ಅದರ ಬಾಗಿಲಿಗೆ ಗುದ್ದಿದಿರಿ. ಒಳಗೆ ಮೊಮ್ಮಗಳು ಪೇರಲ ಹಣ್ಣು ತಿನ್ನುತ್ತ ಕುಳಿತಿದ್ದಳು. "ಮುತ್ಯಾ, ನಾ ನಿಮ್ಮ ಜೋಡಿ ಬರ್ತೇನಿ, ಇಳಿಯಂಗಿಲ್ಲ" ಎಂದು ಹಟ ಹಿಡಿದಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಠಾಣೆಗೆ ಹೋಗೋಣ ಎಂದೆ. "ಮದುವಿ ಮನ್ಯಾಗ ಪೊಲೀಸ್ರು ಯಾಕ್ರಿ ಬೀಗ್ರ? ನನ್ನ ಗಾಡಿಗೆ ವಿಮಾ ಐತಿ, ಕಂಪನ್ಯಾವ್ರು ಕೊಡ್ತಾರ, ನಾ ಅದೀನಲ್ಲ" ಎಂದಿರಿ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು.

ಅಷ್ಟರಲ್ಲಿ ಇಂದುಬಾಯಿ ಹುಡುಗಿಗೆ ದೃಷ್ಟಿ ತೆಗೆದಳು, ಕಾರಿಗೂ ತೆಗೆದಳು. ಬಾಗಿಲಿಗೆ ಹತ್ತಿದ್ದ ಜೀಪಿನ ಕೆಂಪು ಬಣ್ಣ ರಕ್ತದಂತೆ ಕಾಣುತ್ತದೆ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಬಳಿದು ತೆಂಗಿನಕಾಯಿ ಒಡೆದಳು. ಫೋಟೋ ತೆಗೆಸಿದ್ದು ಅದಾದ ಮೇಲೆ.

ಮೊನ್ನೆ ನಿಮ್ಮ ವಿಮಾ ಕಂಪನಿಯ ಸಾಹೇಬರ ಮುಂದೆ ನಾನು, ಇಂದುಬಾಯಿ ಇಬ್ಬರೂ ಹೋಗಿ ಕುಳಿತೆವು. ಹೆಸರು ಹೃಷೀಕೇಶ, ಮಾತಿಗೆ ಒಳ್ಳೆಯವರು. ಫೋಟೋ ನೋಡಿ, "ಯಜಮಾನ್ರ, ಗಾಡಿಗೆ ಅಪಘಾತ ಆಗೇತೋ ಪೂಜಾ ಆಗೇತೋ? ಜೀಪಿನ ಬಣ್ಣ ಎಲ್ಲೈತ್ರಿ?" ಎಂದರು.

"ಕೂಸು ಒಳಗಿತ್ರಿ. ತೊಳೀಲಾರ್ದ ಹೆಂಗ ಬಿಡ್ಲಿ?" ಎಂದಳು ಇವಳು.

"ಪೊಲೀಸ್ ಕಾಗದ?"

"ಇಲ್ಲರಿ. ಅವರ ಮಾತೈತಿ," ಎಂದೆ ನಾನು.

ಆಗ ನೀವು ಬರೆದುಕೊಟ್ಟ ಫಾರ್ಮು ತೆಗೆದು ಓದಿದರು. ಕಾರು ರಸ್ತೆಯ ನಡುವೆ ನಿಂತಿತ್ತು ಎಂದು ಬರೆದಿದ್ದೀರಿ. ಗೋಡೆಗೆ ಒತ್ತಿ ನಿಂತಿದ್ದ ಕಾರು ರಸ್ತೆಗೆ ಹೇಗೆ ಬಂತು? ಇನ್ನೂ ಒಂದು ಸಾಲು ಓದಿದರು, ಅದನ್ನು ಕಾಗದದ ಕೊನೆಗೆ ಬರೆಯುತ್ತೇನೆ. "ಜೀಪಿನವ್ರು ತಪ್ಪು ನಮ್ದು ಅಂತ ಬರದುಕೊಟ್ರ ಮುಂದ ನೋಡ್ತೇನ್ರಿ, ಇಲ್ಲಂದ್ರ ಫೈಲು ಮುಚ್ಚತೈತಿ" ಎಂದರು.

ಆದದ್ದನ್ನು ಆದ ಹಾಗೆ ಬರೆದು ಅವರಿಗೆ ಕಳಿಸಿರಿ. ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಓಡಾಡುತ್ತಿದ್ದೇನೆ, ಇಂಡಿ ಊರಿನ ಸಂತೆಯಲ್ಲಿ ಜನ ನಗುತ್ತಾರೆ.

ನಿಮ್ಮ ಮನೆ ತಂಪಾಗಿರಲಿ. ವಿಜಯಲಕ್ಷ್ಮಿಗೆ ಮುತ್ಯಾ ಆಯಿಯ ಆಶೀರ್ವಾದ.

ಶ್ರೀಶೈಲಪ್ಪ

ತಾ. ಕ.: ಆ ಫಾರ್ಮಿನಲ್ಲಿ 'ಕಾರಿನ ಮಾಲೀಕರೊಂದಿಗೆ ನಿಮ್ಮ ಸಂಬಂಧ' ಎಂದಿತ್ತು. ಅದರ ಮುಂದೆ ನೀವು 'ಏನೂ ಇಲ್ಲ' ಎಂದು ಬರೆದಿದ್ದೀರಿ. "ಇವ್ರು ನಿಮಗ ಯಾರೂ ಅಲ್ಲೇನ್ರಿ?" ಎಂದು ಸಾಹೇಬರು ಕೇಳಿದರು. ಇಂದುಬಾಯಿ ಎದ್ದು ಹೊರಗೆ ಹೋದಳು. ಬೀಗರು ಎಂದರೆ ಕಂಪನಿಗೆ ಸಂಶಯ ಬರುತ್ತದೆ ಎಂದು ಏಜೆಂಟ ಹೇಳಿಕೊಟ್ಟಿದ್ದರೆ ಹಾಗೆಂದು ಬರೆಯಿರಿ. ನನ್ನ ಮಗಳು ರಾಜೇಶ್ವರಿ ತೀರಿಹೋಗಿ ಈ ಶ್ರಾವಣಕ್ಕೆ ಮೂರು ವರ್ಷ. ನಿಮ್ಮ ಮಗ ಮತ್ತೆ ಮದುವೆಯಾಗಲಿ ಎಂದು ಮೊದಲು ಹೇಳಿದವನು ನಾನೇ. ಅವನ ಮದುವೆಯಾದ ಮೇಲೆ ಸಾಲಿಯ ಒಂದು ಸೂಟಿಗೂ ಹುಡುಗಿಯನ್ನು ಕಳಿಸಿಲ್ಲ. ಬಾಗಿಲು ಹಾಗೇ ಇರಲಿ, ಕಂಪನಿಯ ಕಾಗದ ಆಮೇಲೆ ಬರೆದರೂ ನಡೆದೀತು. ಈ ಬೇಸಿಗೆ ಸೂಟಿಗೆ ವಿಜಯಲಕ್ಷ್ಮಿಯನ್ನು ಕಳಿಸುತ್ತೀರೋ ಇಲ್ಲವೋ, ಅದನ್ನು ಮೊದಲು ಬರೆಯಿರಿ. ಏಪ್ರಿಲ್ ಮೂವತ್ತರೊಳಗೆ ಉತ್ತರ ಬರಬೇಕು.